ಬೀಗರ ಮನೆಯ ಬಂಗ್ಲಾ ಡಬರಿ

ನನ್ನದು ಅನುಮಾನದ ಸ್ವಭಾವ. ಮನೆಯವರು ಅದಕ್ಕೆ ರೋಗ ಅನ್ನುತ್ತಾರೆ, ನಾನು ಎಚ್ಚರ ಅನ್ನುತ್ತೇನೆ. ಯಾರ ಮನೆಗೆ ಹೋದರೂ ಚಹಾ ಕುಡಿದು ಮುಗಿಸಿ, ಯಾರೂ ನೋಡದ ಹೊತ್ತಿನಲ್ಲಿ ಕಪ್ಪಿನ ಬಸಿಯನ್ನು ಬೋರಲು ಮಾಡಿ ತಳದ ಮುದ್ರೆ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹಳೆಯ ಇಂಗ್ಲಿಷ್ ಪಿಂಗಾಣಿ ಕೂಡಿಹಾಕುವ ಹುಚ್ಚು ಹಿಡಿದವರಿಗೆಲ್ಲ ಈ ಚಾಳಿ ಇರುತ್ತದಂತೆ. ನಮ್ಮ ಬನಹಟ್ಟಿಯಲ್ಲಿ ಈ ಹುಚ್ಚಿರುವುದು ನನಗೊಬ್ಬಳಿಗೇ ಆದ್ದರಿಂದ ಕೇಳಿ ಖಾತ್ರಿ ಮಾಡಿಕೊಳ್ಳಲು ಬೇರೆ ಯಾರೂ ಸಿಕ್ಕಿಲ್ಲ.

ಮಗ್ಗದ ಮನೆಯಲ್ಲಿ ಪಿಂಗಾಣಿ ಇಟ್ಟುಕೊಂಡು ಬಾಳುವುದು ಸುಲಭವಲ್ಲ. ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಶುರುವಾದರೆ ನಡುಮನೆಯ ಗೋಡೆಯೂ ಸಣ್ಣಗೆ ನಡುಗುತ್ತದೆ. ಅಲಮಾರಿಯೊಳಗಿನ ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಪ್ರತಿ ತಟ್ಟೆಯ ಕೆಳಗೂ ಮಗ್ಗದ ವೇಸ್ಟ್ ನೂಲು ಹಾಸಿ ಇಟ್ಟಿದ್ದೇನೆ. ಇಷ್ಟಾದರೂ ಕರೆಂಟು ಹೋದಾಗಲೇ ನನಗೆ ನಿಶ್ಚಿಂತೆ. ಮನೆಯವರಿಗೆ ಚಿಂತೆ ಹತ್ತುವುದೂ ಅದೇ ಹೊತ್ತಿಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾನು ಕಲಿತದ್ದು ಬೀಳಗಿಯಲ್ಲಿ. ಅಲ್ಲೊಬ್ಬ ಗುಜರಿಯವನು, ಮುತ್ತಜ್ಜನ ಕಾಲದ್ದು ಎಂದು ಆಣೆ ಮಾಡಿ ಒಂದು ತಟ್ಟೆ ತೋರಿಸಿದ್ದ. ಮೈತುಂಬ ಕೂದಲೆಳೆಯಂಥ ಕಂದು ಬಿರುಕು. ಒದ್ದೆ ಸೆರಗಿನಿಂದ ಒರೆಸಿ ಮೂಸಿದೆ. ಚಹಾಪುಡಿಯ ವಾಸನೆ ಬಂತು. ಹೊಸ ತಟ್ಟೆಯನ್ನು ಚಹಾದಲ್ಲಿ ಕುದಿಸಿ ಮುದುಕಿ ಮಾಡಿದ್ದ. ನಿಜವಾಗಿ ಹಳೆಯ ತಟ್ಟೆಗೆ ಬಳ್ಳಿಯ ಚಿತ್ತಾರವನ್ನು ಕಾಗದದಿಂದ ಇಳಿಸಿರುತ್ತಾರೆ. ಸುತ್ತು ಬಂದು ಕೂಡುವ ಕಡೆ ಒಂದು ಹೂವಾದರೂ ಅರ್ಧಕ್ಕೆ ತುಂಡಾಗಿರುತ್ತದೆ. ಆ ತುಂಡು ಹೂವು ಸಿಕ್ಕರೆ ಮಾತ್ರ ನಾನು ಕೈ ಹಾಕುವುದು. ಒಂದು ತಪ್ಪೂ ಇಲ್ಲದ್ದನ್ನು ಕಂಡರೆ ನನಗೆ ಹೆದರಿಕೆ.

ಜಮಖಂಡಿಯ ಗುಜರಿಯೊಂದರಲ್ಲಿ ಹರಕು ಗೋಣಿಚೀಲಗಳ ಕೆಳಗೆ ನನಗೆ ಒಂದೇ ಚಿತ್ತಾರದ ಮೂರು ಸಾಮಾನು ಸಿಕ್ಕಿದ್ದವು. ಮುಖ ತೊಳೆಯುವ ಅಗಲ ಬೋಗುಣಿ, ನೀರಿನ ಹೂಜಿ, ಸಾಬೂನಿನ ಡಬ್ಬಿ. ಬಿಳಿಯ ಮೈ, ಹಸಿರು ಬಳ್ಳಿ, ಬಳ್ಳಿಯ ಮೇಲೆ ಬಾಲ ಎತ್ತಿ ಕೂತ ಕೆಂಪು ಹಕ್ಕಿ. ಸಂಸ್ಥಾನದ ಕಾಲದಲ್ಲಿ ಯಾವನೋ ಸಾಹೇಬನ ಮಲಗುವ ಕೋಣೆಯಲ್ಲಿದ್ದಂಥವು. ಇಂಥ ಸೆಟ್ಟಿನಲ್ಲಿ ನಾಲ್ಕನೆಯದೊಂದು ಇರಲೇಬೇಕು. ಅದು ರಾತ್ರಿ ಹೊರಗೆ ಹೋಗಲು ಬೇಸರಪಡುವ ಸಾಹೇಬರು ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದ ಉಚ್ಚೆಯ ಪಾತ್ರೆ. ದುಂಡಗಿರುತ್ತದೆ, ಬಾಯಿ ಅಗಲ, ಅಂಚು ಹೊರಕ್ಕೆ ಚಾಚಿರುತ್ತದೆ, ಹಿಡಿಕೆ ಒಂದೇ. ಅದಕ್ಕಾಗಿ ಈ ಸುತ್ತಿನ ಗುಜರಿಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ.

ಅಷ್ಟರಲ್ಲಿ ಮಗಳ ಮದುವೆ ಬಂತು. ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಮುಧೋಳದ ಹತ್ತಿರ ಕಬ್ಬಿನ ಹೊಲವಿರುವ ದೊಡ್ಡ ಮನೆ. ನಾವು ಮಗ್ಗದವರು, ಅವರು ಹೊಲದವರು. ಅಂಥ ಸಂಬಂಧ ನಮ್ಮಲ್ಲಿ ಕಡಿಮೆ. ಜಗಳಕ್ಕೆ ಸಿದ್ಧರಾಗಿ ಹೋದರೆ ಅವರು ಮೊದಲ ಮಾತಿಗೇ ಒಪ್ಪಿಬಿಟ್ಟರು. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ಇಷ್ಟು ಸಲೀಸಾಗಿ ಒಪ್ಪುವವರು ಒಳಗೆ ಏನೋ ಇಟ್ಟುಕೊಂಡಿರುತ್ತಾರೆ. ನನ್ನ ಮಗಳನ್ನು ಮನೆಯವಳೆಂದು ಒಳಗೆ ಕರೆದುಕೊಳ್ಳುತ್ತಾರೋ, ಹೊಸ್ತಿಲ ಹತ್ತಿರವೇ ನಿಲ್ಲಿಸುತ್ತಾರೋ ಎಂಬ ಒಂದೇ ಚಿಂತೆ ನನ್ನನ್ನು ಕೊರೆಯುತ್ತಿತ್ತು.

ಮದುವೆಯಾದ ಮೇಲೆ ಬೀಗರ ಊಟಕ್ಕೆ ಕರೆದರು. ಮಾವಿನ ಹಣ್ಣಿನ ದಿನಗಳು. ನಡುಮನೆಯಲ್ಲಿ ಪಂಕ್ತಿ ಹಾಕಿ ಹೋಳಿಗೆ ಬಡಿಸಿದ್ದಾಯಿತು. ಆ ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಮುದುಕಿಯೊಬ್ಬಳಿದ್ದಾಳೆ, ನನ್ನ ಬೀಗಿತ್ತಿಯ ಅತ್ತೆ. ಗೋಡೆಗೆ ಒರಗಿ ಕೂತಲ್ಲಿಂದಲೇ ಅವಳ ದರ್ಬಾರು.

"ಬಂಗ್ಲಾ ಡಬರಿ ತರ್ರಿ. ಬೀಗರಿಗೆ ಅದರಾಗಿಂದ ಶೀಕರಣಿ ಬಡಸ್ರಿ."

ಬೀಗಿತ್ತಿ ಎರಡೂ ಕೈಯಲ್ಲಿ ಹಿಡಿದು ತಂದ ದುಂಡು ಪಾತ್ರೆಯನ್ನು ನೋಡಿ ನನ್ನ ಕೈಯ ಹೋಳಿಗೆ ಎಲೆಗೆ ಬಿತ್ತು. ಬಿಳಿಯ ಮೈ, ಹಸಿರು ಬಳ್ಳಿ, ಬಾಲ ಎತ್ತಿದ ಕೆಂಪು ಹಕ್ಕಿ, ಒಂದೇ ಹಿಡಿಕೆ. ಚಾಚಿದ ಅಂಚಿನವರೆಗೆ ಮಾವಿನ ಹಣ್ಣಿನ ಹಳದಿ ಶೀಕರಣಿ, ಅದರ ಮೇಲೆ ಏಲಕ್ಕಿ ಪುಡಿ.

"ನಮ್ಮ ಮಾವ, ಸಾಹೇಬನ ಬಂಗ್ಲಾದ ಲಿಲಾವದಾಗ ಸವಾಲ ಕೂಗಿ ಹಿಡದ ತಂದದ್ದರಿ ಇದು," ಎಂದಳು ಆಯಿ. "ಈ ಸುತ್ತಿನಾಗ ಯಾರ ಮನ್ಯಾಗೂ ಇಲ್ಲ. ಸಾಹೇಬ ದಿನಾ ಬಳಸತಿದ್ನಂತ."

ಅದರಲ್ಲಿ ನನಗೆ ಸಂಶಯವಿರಲಿಲ್ಲ.

ಸೌಟು ನನ್ನ ಎಲೆಯ ಹತ್ತಿರ ಬಂದಾಗ ಕೈ ಅಡ್ಡ ಹಿಡಿದೆ. "ಬ್ಯಾಡ್ರಿ ಅಕ್ಕಾರ. ನನಗ ಶುಗರ್ ಐತಿ."

ಎರಡು ಹೋಳಿಗೆ ಮುಗಿಸಿ ಮೂರನೆಯದನ್ನು ಮುರಿಯುತ್ತಿದ್ದವಳ ಬಾಯಲ್ಲಿ ಈ ಮಾತು. ಬೀಗಿತ್ತಿ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಸೌಟು ಹಿಂದಕ್ಕೆ ತೆಗೆದುಕೊಂಡರು. ಆ ನೋಟ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮೊದಲ ಊಟದಲ್ಲೇ ಬೀಗರ ಮನೆಯ ಸಿಹಿ ಬೇಡ ಅಂದವಳು ನಾನು. ಇದರ ಬಡ್ಡಿಯನ್ನು ಮಗಳಿಂದ ವಸೂಲಿ ಮಾಡುತ್ತಾರೆ ಎಂದುಕೊಂಡೆ. ಪಕ್ಕದಲ್ಲಿ ನಮ್ಮ ಮನೆಯವರು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಬರುವಾಗ ಕಾರಿನಲ್ಲಿ ಅವರಿಗೆ ವಿಷಯ ಹೇಳಿದೆ. ಅವರು ಗಾಡಿಯ ವೇಗ ತಗ್ಗಿಸಿದರು.

"ಉಣ್ಣೂಕಿಂತ ಮೊದಲ ಹೇಳಬಾರದಿತ್ತೇನ?"

"ಪಂಕ್ತಿದಾಗ ಹೆಂಗ ಹೇಳ್ಲಿ?"

"ಈಗೂ ಯಾರ ಮುಂದೂ ಹೇಳಬ್ಯಾಡ. ಹೆಣ್ಣ ಕೊಟ್ಟೇವಿ." ಸ್ವಲ್ಪ ದೂರ ಹೋದ ಮೇಲೆ ತಮ್ಮಷ್ಟಕ್ಕೆ ಅಂದುಕೊಂಡರು, "ಏನ ಅನ್ನು, ಶೀಕರಣಿ ಛಲೋ ಆಗಿತ್ತು."

ಅವರ ಮಾತು ಸರಿಯಾಗಿಯೇ ಇತ್ತು. ಆ ಮನೆಯವರು ತಲೆಮಾರುಗಳಿಂದ ಹಬ್ಬದ ಸಿಹಿ ಉಂಡದ್ದು ಯಾವುದರಲ್ಲಿ ಎಂದು ಮಗ್ಗದವರ ಮನೆಯ ಹೆಂಗಸು ಹೋಗಿ ಹೇಳಿದರೆ ಅವರು ಅದನ್ನು ನಂಬುವುದಿಲ್ಲ, ಮರೆಯುವುದೂ ಇಲ್ಲ. ಮಗಳಿಗೂ ಹೇಳಲಿಲ್ಲ. ಅಲ್ಲಿ ಬಾಳಬೇಕಾದವಳು ಅವಳು. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ನಾಗರ ಪಂಚಮಿಗೆ ಮಗಳು ತವರಿಗೆ ಬಂದಳು. ಉಂಡಿ ಕಟ್ಟುತ್ತ ಕೂತಾಗ ನಕ್ಕು ಹೇಳಿದಳು, "ಆಯಿಗೆ ನಿನ್ನ ಮ್ಯಾಲ ಸಂಶೇ ಬಂದೈತಿ ಬೇ ಅವ್ವಾ. ಬೀಗತಿ ಕಣ್ಣ ನಮ್ಮ ಡಬರಿ ಮ್ಯಾಲ ಐತಿ ಅಂತ ಅದನ್ನ ಟ್ರಂಕಿನಾಗ ಹಾಕಿ ಕೀಲಿ ಹಾಕ್ಯಾಳ. ಹಬ್ಬಕ್ಕಷ್ಟ ತಗೀತಾಳ."

ನನ್ನ ಚಿಂತೆಯೇ ಬೇರೆಯಿತ್ತು. "ನಿನಗೂ ಅದರಾಗಿಂದ ಬಡಸತಾರೇನ?"

"ಇಲ್ಲ. ನಮ್ಮತ್ತಿ ನನಗ ಮೊದಲ ಬ್ಯಾರೆ ತಗದ ಇಟ್ಟಿರತಾರ, ಸ್ಟೀಲಿನ ಬಟ್ಟಲದಾಗ. ಕಾರಹುಣ್ಣಿಮಿಗೂ ಹಂಗ ಮಾಡಿದ್ರು."

ದೇವರು ದೊಡ್ಡವನು ಎಂದುಕೊಂಡೆ. ಆ ಸಮಾಧಾನ ಒಂದು ಉಂಡಿ ಕಟ್ಟುವಷ್ಟು ಹೊತ್ತೂ ನಿಲ್ಲಲಿಲ್ಲ.

"ಎಲ್ಲಾ ಹೆಣ್ಮಕ್ಕಳಿಗೂ ಹಂಗನ?"

"ನನಗೊಬ್ಬಾಕಿಗೆ. ಯಾಕ?"

ಬೇರೆ ಬಟ್ಟಲು ಎಂದರೆ ಏನೆಂದು ಮಗಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಅವ್ವ ಸೀರೆಯ ಗಂಟು ಹೊತ್ತು ದೊಡ್ಡ ಮನೆಗಳಿಗೆ ಹೋಗುತ್ತಿದ್ದಾಗ ನಾನು ಅವಳ ಸೆರಗು ಹಿಡಿದು ಹೋಗುತ್ತಿದ್ದೆ. ಅಂಥ ಮನೆಗಳ ಕಟ್ಟೆಯ ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಕಿವಿ ಮುರಿದ ಕಪ್ಪು. ಒಳಗಿನವರು ಹಿತ್ತಾಳೆಯ ಲೋಟದಲ್ಲಿ ಕುಡಿಯುವರು, ಹೊರಗಿನವರಿಗೆ ಪಿಂಗಾಣಿ. ಅವ್ವ ಚಹಾ ಕುಡಿದು, ತಾನೇ ತೊಳೆದು, ಅದೇ ಗೂಡಿನಲ್ಲಿ ಬೋರಲು ಹಾಕಿ ಬರಬೇಕು. ಗುಲಾಬಿ ಹೂವಿನ, ತೆಳ್ಳನೆಯ ಕಪ್ಪು. ಅಷ್ಟು ಚೆಂದದ ಕಪ್ಪನ್ನು ನಾನು ಆಮೇಲೆ ಎಷ್ಟು ಹುಡುಕಿದರೂ ಕಂಡಿಲ್ಲ.

ಅಲ್ಲಿಂದ ಮುಂದೆ ಹಬ್ಬ ಬಂತೆಂದರೆ ಮಗಳು ಮೊಬೈಲಿಗೆ ಕಳಿಸುವ ಫೋಟೋಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುವುದೇ ನನ್ನ ಕೆಲಸವಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ದಸರೆಯ ಫೋಟೋದಲ್ಲಿ ಎಲ್ಲರ ತಾಟಿನಲ್ಲಿ ಗೋಧಿ ಹುಗ್ಗಿ, ನಡುವೆ ಮಹಾರಾಣಿಯ ಹಾಗೆ ಡಬರಿ, ಮೂಲೆಯಲ್ಲಿ ಮಗಳು, ಅವಳ ಮುಂದೆ ಸ್ಟೀಲಿನ ಬಟ್ಟಲು. ದೀಪಾವಳಿಯಲ್ಲೂ ಅದೇ. ನನಗೆ ಅಳು ಬಂತು. ಉಚ್ಚೆಯ ಪಾತ್ರೆಯಿಂದ ನನ್ನ ಮಗಳಿಗೆ ಯಾಕೆ ಬಡಿಸಲಿಲ್ಲ ಎಂದು ಅತ್ತ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

"ನೀ ಹಿಂಗೂ ಅಳತಿ, ಹಂಗೂ ಅಳತಿ," ಎಂದರು ಮನೆಯವರು.

ಮಗಳು ಆಗಲೇ ಬಸಿರಾಗಿದ್ದಳು. ಕಬ್ಬು ಕಡಿಯುವ ದಿನಗಳಲ್ಲಿ ಏಳನೆಯ ತಿಂಗಳ ಸೀಮಂತ, ಅಂದರೆ ನಮ್ಮ ಕಡೆಯ ಕುಬಸ, ನಿಶ್ಚಯವಾಯಿತು. ಹಸಿರು ಸೀರೆ, ಹಸಿರು ಬಳೆ, ಕಡಬು, ಹೋಳಿಗೆ, ಸಜ್ಜೆ ರೊಟ್ಟಿಗಳ ಬುಟ್ಟಿ ಹೊತ್ತು ಮುಧೋಳಕ್ಕೆ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಹೋಗಬೇಕಾಯಿತು. ಇವತ್ತು ಊರ ಹೆಂಗಸರೆಲ್ಲ ಕೂಡುತ್ತಾರೆ. ಮಗಳನ್ನು ನಡುವೆ ಕೂರಿಸುತ್ತಾರೆ. ಇವತ್ತೂ ಬೇರೆ ಬಟ್ಟಲಾದರೆ ಸುಮ್ಮನಿರಬಾರದು ಎಂದು ಗಟ್ಟಿ ಮಾಡಿಕೊಂಡೆ.

ಆರತಿ ಮುಗಿಯಿತು. ಪಂಕ್ತಿ ಕೂತಿತು. ಡಬರಿ ಬಂತು. ಆರಿದ ಗೋಧಿ ಹುಗ್ಗಿಯನ್ನು ಮೊದಲು ಆಯಿಗೆ, ಆಮೇಲೆ ಉಳಿದವರಿಗೆ ಬಡಿಸಿದರು. ಮಗಳ ಹತ್ತಿರ ಬಂದಾಗ ಬೀಗಿತ್ತಿ ಡಬರಿಯನ್ನು ದಾಟಿಸಿಕೊಂಡು ಹೋದರು. ಮುಚ್ಚಿಟ್ಟ ಸ್ಟೀಲಿನ ಬಟ್ಟಲನ್ನು ಒಳಗಿನಿಂದ ತಂದು ಅವಳ ಮುಂದೆ ಇಟ್ಟರು. ನೆರೆಮನೆಯ ಹೆಂಗಸೊಬ್ಬಳು ಅದನ್ನು ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ನನ್ನ ಮೈ ಉರಿಯಿತು.

ಖಾಲಿ ಡಬರಿ ತುಂಬಿಕೊಳ್ಳಲು ಬೀಗಿತ್ತಿ ಅಡುಗೆಮನೆಗೆ ಹೋದಾಗ ನಾನೂ ಹಿಂದೆ ಹೋದೆ.

"ಅಕ್ಕಾರ, ಒಂದ ಮಾತ ಕೇಳತೀನಿ. ಎಲ್ಲಾರಿಗೂ ಡಬರಿಯಿಂದ ಬಡಸತೀರಿ. ನನ್ನ ಮಗಳಿಗಷ್ಟ ಬ್ಯಾರೆ ಬಟ್ಟಲಾ ಯಾಕ್ರಿ? ಮಗ್ಗದವರ ಹುಡುಗಿ ಅಂತನ?"

ಅವರು ಡಬರಿಯನ್ನು ಕಟ್ಟೆಯ ಮೇಲೆ ಇಟ್ಟರು. ಹೊರಗೆ ಇಣುಕಿ ನೋಡಿ ಬಾಗಿಲನ್ನು ಎಳೆದು ಮುಚ್ಚಿದರು.

"ಈ ಡಬರಿ ಯಾತಕ್ಕ ಮಾಡಿದ್ದು ಅಂತ ನಿಮಗ ಗೊತ್ತಿಲ್ಲೇನ್ರಿ?"

ನನ್ನ ಕಣ್ಣು ಡಬರಿಯ ಮೇಲಿನ ಹಕ್ಕಿಯತ್ತ ಹೋಯಿತು.

"ನಿಮಗ ಗೊತ್ತೈತಿ. ಅದಕ್ಕ ಅವತ್ತ ಶುಗರ್ ಅಂತ ಸುಳ್ಳ ಹೇಳಿದ್ರಿ." ಅವರ ದನಿ ತಗ್ಗಿತ್ತು. "ನಮ್ಮಪ್ಪ ದವಾಖಾನಿದಾಗ ಕಂಪೌಂಡರ ಇದ್ದ. ಅಲ್ಲಿ ಇಂಥಾವ ತಗಡಿನ್ವು ಮಂಚದ ಕೆಳಗ ಇಡತಿದ್ರು. ಸಣ್ಣಾಕಿದ್ದಾಗ ನೋಡೇನಿ. ಈ ಮನಿಗೆ ಬಂದ ಮೊದಲನೇ ಹಬ್ಬಕ್ಕ ಇದನ್ನ ನೋಡಿದೆ, ತಡಕೊಳ್ಳಾಕ ಆಗಲಿಲ್ಲ, ಹೇಳಿಬಿಟ್ಟೆ. ಎಲ್ಲಾರೂ ನಕ್ರು. ಆಯಿ ಏನಂದ್ಲು ಗೊತ್ತೇನ್ರಿ? ಕಂಪೌಂಡರನ ಮಗಳಿಗೆ ದೊಡ್ಡ ಮನಿ ಬಾಂಡೆ ಎಲ್ಲಿಂದ ಗೊತ್ತಾಗಬೇಕು, ಉಚ್ಚಿ ಅಷ್ಟ ಗೊತ್ತಾಗತೈತಿ ಅಂದ್ಲು. ಬಾಳ ದಿನ ಮನ್ಯಾಗ ನನಗ ಉಚ್ಚಿ ಅಂತನ ಹೆಸರ ಆಗಿತ್ತು."

"ಆಮ್ಯಾಲ?"

"ಆಮ್ಯಾಲ ಬಾಯಿ ಮುಚ್ಚಿದೆ. ಉಂಡ್ರ ಉಣ್ಲಿ ಅಂದೆ. ನಾ ಮಾತ್ರ ಒಂದ ದಿನಾನೂ ಇದರಾಗಿಂದ ಉಂಡಿಲ್ಲ. ಸಿಹಿ ಸೇರೂದಿಲ್ಲ ಅಂತ ಹೇಳತೀನಿ. ಮಗನ್ನ ಸಣ್ಣಾವಿದ್ದಾಗ ಉಳಿಸಿಕೊಂಡೆ, ಬ್ಯಾರೆ ಬಟ್ಟಲದಾಗ ಕೊಡತಿದ್ದೆ. ದೊಡ್ಡಾವ ಆಗಿ ಗಂಡಸರ ಪಂಕ್ತಿದಾಗ ಕುಂತ, ಅಲ್ಲಿ ನನ್ನ ಕೈ ನಡೀಲಿಲ್ಲ. ಸೊಸಿನರೆ ಉಳೀಲಿ ಅಂತ ತಗದ ಇಡತೀನಿ. ಆಕಿ ಮುಂದ ಯಾಕ ಅಂತ ಹೇಳಿಲ್ಲ. ಹೇಳಿದ್ರ ಆಕಿಗೂ ನನ್ನಂಗ ಹೆಸರ ಬೀಳತಿತ್ತು."

ಇಷ್ಟು ದಿನ ನಾನು ಫೋಟೋಗಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದು ಆ ಬಟ್ಟಲನ್ನೇ.

"ಅವತ್ತ ನೀವು ಕೈ ಅಡ್ಡ ಹಿಡದ್ರಲಾ," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವರಿಗೂ ಗೊತ್ತೈತಿ ಅಂತ ಅನಿಸ್ತು. ಇಷ್ಟ ವರ್ಷ ನನಗೂ ಖಾತ್ರಿ ಇದ್ದಿದ್ದಿಲ್ರಿ. ಎಲ್ಲಾರೂ ಸುಳ್ಳ ಅಂದಾಗ ನಾನ ತಪ್ಪ ತಿಳಕೊಂಡೇನೇನೋ ಅಂತಿದ್ದೆ. ಅವತ್ತ ರಾತ್ರಿ ನನಗ ಎಂಥಾ ನಿದ್ದಿ ಬಂತ ಅಂತೀರಿ."

ಜಾಳಿಗೆಯ ಕಪಾಟು ತೆರೆದು ಇನ್ನೆರಡು ಬಟ್ಟಲು ಹೊರಗೆ ತೆಗೆದರು. ಎರಡಕ್ಕೂ ಮುಚ್ಚಳ ಮುಚ್ಚಿತ್ತು. ಒಂದನ್ನು ತಮ್ಮ ಹತ್ತಿರ ಎಳೆದುಕೊಂಡು ಇನ್ನೊಂದನ್ನು ನನ್ನ ಮುಂದೆ ಸರಿಸಿದರು.

"ಇದು ನಿಮ್ಮದು. ಮುಂಜಾನೆನ ತಗದ ಇಟ್ಟೇನಿ. ತುಪ್ಪ ಜಾಸ್ತಿ ಹಾಕೇನಿ."

ಅಡುಗೆಮನೆಯ ನೆಲದ ಮೇಲೆ ಕೂತು ನಾವಿಬ್ಬರೂ ಉಂಡೆವು. ಮೊದಲ ತುತ್ತಿಗೇ ನನಗೆ ಅಳು ಬಂತು. ನನ್ನ ಮಗಳು ಈ ಮನೆಯ ಒಳಗೇ ಇದ್ದಾಳೆ, ನನಗಿಂತ ಎಚ್ಚರದ ಹೆಂಗಸಿನ ಕೈಯಲ್ಲಿದ್ದಾಳೆ ಎಂದು ಗೊತ್ತಾಗಿ ಬಂದ ಅಳು ಅದು. ಬೀಗಿತ್ತಿ ನೋಡಿದರೂ ನೋಡದವರ ಹಾಗೆ ಹುಗ್ಗಿ ಕಲಸುತ್ತಿದ್ದರು.

ಹೊರಗಿನಿಂದ ಆಯಿಯ ದನಿ ಬಂತು. "ಹುಗ್ಗಿ ಎಲ್ಲಿ ಹೋತ? ಡಬರಿ ತರ್ರೆವಾ."

ಬೀಗಿತ್ತಿ ಕೈ ತೊಳೆಯಲು ಎದ್ದರು. "ನೀವು ಉಣ್ರಿ, ನಾ ಹೋಗತೀನಿ," ಎಂದು ಅವರನ್ನು ಕೂರಿಸಿದೆ. ಡಬರಿಯನ್ನು ಅಂಚಿನವರೆಗೆ ತುಂಬಿ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದೆ. ಅದು ನನ್ನ ಕೈಯಲ್ಲಿರುವುದನ್ನು ಕಂಡು ಆಯಿಯ ಹುಬ್ಬು ಗಂಟಾಯಿತು. ನಾನು ಬಗ್ಗಿ, ಅವಳ ತಾಟಿಗೆ ಒಂದು ಸೌಟು ಹಾಕಿದೆ, ಇನ್ನೊಂದು ಸೌಟು ಹಾಕಿದೆ. ಸಾಕು ಅನ್ನುವವರೆಗೆ ಬಡಿಸೋಣವೆಂದು ನಿಂತೆ. ಆಯಿ ಸಾಕು ಅನ್ನಲಿಲ್ಲ.