ಸಂಜೆ ಚಹದ ಜೊತೆ ಕೊಟ್ಟ ಗುಳಿಗೆ

ಆ ದಿನ ನನ್ನ ಕ್ಲಿನಿಕ್ಕಿನಲ್ಲಿ ಸುಳ್ಳು ಹೇಳಿದವನು ನಾನು, ಜಯಕರ ಅಲ್ಲ. ಬರೆಯುವುದಕ್ಕೆ ಒಂದೇ ಸಾಲು — ಅದನ್ನು ಬಾಯಿಗೆ ತರಲು ನನಗೆ ಹೆಚ್ಚುಕಡಿಮೆ ಒಂದು ಆಯುಷ್ಯವೇ ಬೇಕಾಯಿತು. ಅವನಿಗೆ ಹದಿನಾರು ವರ್ಷ. ಅವನು ಸತ್ಯ ಹೇಳಿದ. ಕುತ್ತಿಗೆಗೆ ಸ್ಟೆತಾಸ್ಕೋಪ್ ನೇತುಹಾಕಿಕೊಂಡಿದ್ದ ನಾನು, ಅವನ ಅಕ್ಕನ ಎದುರಿಗೇ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದೆ. ಅಕ್ಕ ನನ್ನನ್ನು ನಂಬಿದರು. ಊರೂ ನಂಬಿತು. ಡಾಕ್ಟರರ ಮಾತಿನ ಎದುರು ಅಮಲಿನ ಪುಡಿ ಸೇದುತ್ತಿದ್ದ ಹುಡುಗನ ಮಾತಿಗೆ ಎಂತ ಬೆಲೆ!

ನನ್ನ ಊರು ಅಲೆವೂರು. ಎಂಬತ್ತರ ದಶಕದ ನಡುವಿನಲ್ಲಿ ಕಾರ್ಕಳ ಪೇಟೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೆ. ಪೇಟೆಯ ಹೊರಗೆ ಆಗ ಒಂದು ಬಾಲಕರ ಮಂದಿರವಿತ್ತು — ಕಳ್ಳತನ, ಹೊಡೆದಾಟ ಎಂದು ಸಿಕ್ಕಿಬಿದ್ದ ಹುಡುಗರನ್ನು ಕೋರ್ಟು ಕಳಿಸುವ ಜಾಗ. ಹೆಸರು ಮಂದಿರ, ಕಿಟಕಿಗೆಲ್ಲ ಸರಳು. ಈಗ ಅದು ಇಲ್ಲ. ಅಲ್ಲಿಗೆ ವಾರಕ್ಕೊಮ್ಮೆ ಹೋಗಿ ಕಜ್ಜಿ, ಜ್ವರ, ಕೆಮ್ಮು ನೋಡುವುದು ನನ್ನ ಕೆಲಸವಾಗಿತ್ತು.

ಕಜ್ಜಿಗಿಂತ ದೊಡ್ಡ ಕಾಯಿಲೆಯನ್ನು ಹೊತ್ತುಕೊಂಡು ಹುಡುಗರು ಬರತೊಡಗಿದ್ದು ಆ ವರ್ಷಗಳಲ್ಲೇ. ಮೊದಲು ಪೆಟ್ರೋಲಿನ ಬಟ್ಟೆ ಮೂಸುವವರು, ಗಾಂಜಾ ಸೇದುವವರು. ಆಮೇಲೆ ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಹೋಗಿ, ಗರ್ದು ಎಂದು ಅಲ್ಲಿ ಕರೆಯುವ ಬ್ರೌನ್ ಶುಗರ್ ಕಲಿತು ಬಂದವರು. ಅದು ಸಿಗದೆ ಹೋದಾಗ ಅವರ ಅವಸ್ಥೆ — ಮೂಗು, ಕಣ್ಣು ಸುರಿಯುತ್ತಿತ್ತು, ಕಾಲಿನ ಎಲುಬೇ ಸೀಳಿದಂತೆ ಒದ್ದಾಡುತ್ತಿದ್ದರು, ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಂದಿರದಲ್ಲಿ ಅದಕ್ಕೆ ಇದ್ದ ಮದ್ದು ಎರಡೇ: ಬೆತ್ತ ಮತ್ತು ಬೀಗ ಹಾಕುವ ಕೋಣೆ.

ನನಗೆ ಸಿಟ್ಟು ಬರುತ್ತಿತ್ತು. ಸುಳ್ಳಲ್ಲ, ನಿಜವಾದ ಸಿಟ್ಟು. ಆ ಹುಡುಗರಿಗೆ ಒಂದು ಹಾಸಿಗೆ ಕೊಡಿ, ಒಬ್ಬ ನರ್ಸ್ ಕೊಡಿ ಎಂದು ಕೇಳಿ ಕೇಳಿ ಸೋತೆ. "ಕಳ್ಳರಿಗೆ ನರ್ಸಾ?" ಎಂದು ನಕ್ಕವರೂ ಉಂಟು. ಕೊನೆಗೆ ನಾನೇ ಶುರು ಮಾಡಿದೆ. ಬಿಸಿನೀರಿನ ಸ್ನಾನ, ಉಪ್ಪು ಹಾಕಿದ ಗಂಜಿತಿಳಿ, ಪಕ್ಕದಲ್ಲಿ ಕೂತು ಮಾತು, ಗುಣವಾದವರಿಗೆ ಅಂಗಳದಲ್ಲಿ ಫುಟ್‌ಬಾಲ್. ಒಬ್ಬಿಬ್ಬರು ನಿಜವಾಗಿಯೂ ಬಿಟ್ಟರು. ಆದರೆ ನಿಧಾನ… ಎಷ್ಟು ನಿಧಾನ! ಬಿಟ್ಟವನು ಹೊರಗೆ ಹೋಗಿ ಮತ್ತೆ ಸಿಕ್ಕಿಬಿದ್ದು ಬಂದು, "ನಮಸ್ಕಾರ ಡಾಕ್ಟ್ರೇ" ಎಂದು ಹಲ್ಲು ಕಿರಿದಾಗ ಆ ಫುಟ್‌ಬಾಲನ್ನು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಜಯಕರ ಬಂದದ್ದು ಅಂಥ ಹೊತ್ತಿಗೆ. ಕಾಪುವಿನ ಹುಡುಗ. ಅಪ್ಪ ಅಮ್ಮ ಇಲ್ಲ. ಮೀನು ಮಾರುತ್ತಿದ್ದ ಅಕ್ಕ, ಸರೋಜಕ್ಕ, ಸಾಕಿದ್ದು. ಬೊಂಬಾಯಿಯಿಂದ ಚಟ ಅಂಟಿಸಿಕೊಂಡು ಬಂದವನು ಯಾರದೋ ದೋಣಿಯ ಬ್ಯಾಟರಿ ಕದ್ದು ಮಾರಿ ಸಿಕ್ಕಿಬಿದ್ದಿದ್ದ. ಅವನ ಕೂಗಿಗೆ ಇಡೀ ಮಂದಿರ ನಿದ್ದೆಗೆಟ್ಟಿತು. ಸೂಪರಿಂಟೆಂಡೆಂಟರು ನನ್ನನ್ನು ಕರೆಸಿ ಹೇಳಿದರು: "ಡಾಕ್ಟ್ರೇ, ಒಂದೋ ನೀವು ಇವನ ಬಾಯಿ ಮುಚ್ಚಿಸಿ. ಇಲ್ಲವಾದರೆ ನಾನು ಮುಚ್ಚಿಸುತ್ತೇನೆ."

ಅವರು ಹೇಗೆ ಮುಚ್ಚಿಸುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ನಿದ್ದೆಯ ಗುಳಿಗೆ ಕೊಟ್ಟೆ.

ಅಲ್ಲಿಯವರೆಗೆ ತಪ್ಪಿಲ್ಲ. ಕೆಲವು ದಿನ ಕೊಟ್ಟು, ಮೆಲ್ಲ ಮೆಲ್ಲನೆ ಕಡಿಮೆ ಮಾಡಿ ನಿಲ್ಲಿಸಿದ್ದರೆ ಅದು ವೈದ್ಯವೇ. ಆದರೆ ಜಯಕರ ಸುಮ್ಮನಾದ. ಊಟ ಮಾಡಿದ. ಅಂಗಳ ಗುಡಿಸಿದ. ಸೂಪರಿಂಟೆಂಡೆಂಟರು ಬೆನ್ನು ತಟ್ಟಿದರು. ಮುಂದೆ ಬಂದ ಹುಡುಗನಿಗೂ ಕೊಟ್ಟೆ, ಅದರ ಮುಂದಿನವನಿಗೂ. ಸಂಜೆ ಚಹದ ಜೊತೆ ಒಂದು ಬಿಳಿ ಗುಳಿಗೆ — ಮಂದಿರ ದೇವಸ್ಥಾನದಂತೆ ಶಾಂತವಾಯಿತು. ನಿಲ್ಲಿಸಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ನಿಲ್ಲಿಸಿದರೆ ಮತ್ತೆ ಆ ಕೂಗು, ಮತ್ತೆ ಆ ಬೆತ್ತ… ಅಥವಾ ಅದು ನೆಪವೋ? ಸುಲಭ ಸಿಕ್ಕಿತ್ತು ನನಗೆ. ಸುಲಭದ ರುಚಿ ಹತ್ತಿತ್ತು.

ಒಂದು ಸಂಜೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಜಯಕರ ಕೇಳಿದ: "ಡಾಕ್ಟ್ರೇ, ಇದು ತಿನ್ನದಿದ್ದರೆ ಕೈ ನಡುಗುತ್ತದೆ. ಇದೂ ಅದರ ಹಾಗೆಯೇ ಅಲ್ವಾ?"

"ದೊಡ್ಡ ಡಾಕ್ಟರಾಗಬೇಡ ಮಾರಾಯ, ನುಂಗು" ಎಂದೆ.

ನುಂಗಿದ.

ಮಂದಿರದ ಸುದ್ದಿ ಹೊರಗೆ ಹರಡಿತು. ನೋಡಲು ದೊಡ್ಡವರು ಬಂದರು. "ಇದನ್ನು ಹೇಗೆ ಸಾಧಿಸಿದಿರಿ?" ಎಂದು ಕೇಳಿದಾಗ ನಾನು ಗುಳಿಗೆಯ ಮಾತು ಎತ್ತಲಿಲ್ಲ. ಪ್ರೀತಿ ಎಂದೆ, ದುಡಿಮೆ ಎಂದೆ, ಆಟ ಎಂದೆ. ಗುಳಿಗೆ ಕೊಟ್ಟು ಮಲಗಿಸಿದೆ ಎಂದರೆ ಯಾರು ಮೆಚ್ಚುತ್ತಾರೆ? ಮಣಿಪಾಲದಲ್ಲಿ ವೈದ್ಯರ ಒಂದು ಸಭೆಯಲ್ಲಿ ಮಾತನಾಡಲು ಕರೆ ಬಂತು — ಔಷಧಿ ಇಲ್ಲದೆ ಹುಡುಗರ ಅಮಲು ಬಿಡಿಸಿದ ಬಗೆ. ಪೇಟೆಯ ಸಣ್ಣ ಕ್ಲಿನಿಕ್ಕಿನ ನನ್ನನ್ನು ಮಣಿಪಾಲದವರು ಕರೆಯುವುದೆಂದರೆ… ನಾನು ಹೊಸ ಅಂಗಿ ಹೊಲಿಸಿದೆ.

ಅದೇ ಸುಮಾರಿಗೆ ಜಯಕರನ ಅವಧಿ ಮುಗಿಯಿತು. ಸರೋಜಕ್ಕ ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ತಮ್ಮನ ಕೆನ್ನೆ, ಹೆಗಲು, ತೋಳು ಎಲ್ಲ ಮುಟ್ಟಿ ನೋಡಿದರು. "ಇನ್ನು ಮುಟ್ಟುವುದಿಲ್ಲ ಅಂತ ಹೇಳು" ಎಂದರು. "ಮುಟ್ಟುವುದಿಲ್ಲ ಅಕ್ಕ" ಎಂದು ಅವರ ತಲೆ ಮುಟ್ಟಿ ಹೇಳಿದ. ಆ ಗುಳಿಗೆಯನ್ನು ಥಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದರೆ ಫಿಟ್ಸ್ ಬರಬಹುದು — ವೈದ್ಯ ಓದಿದ ಯಾರಿಗೂ ಗೊತ್ತಿರುವ ಸಂಗತಿ ಇದು. ನನಗೂ ಗೊತ್ತಿತ್ತು. ಆದರೆ ಇಲಾಖೆಯ ಅತಿಥಿಯೊಬ್ಬರು ನನ್ನ ಪಕ್ಕದಲ್ಲೇ ನಿಂತಿದ್ದರು. "ಒಳ್ಳೆಯ ಹುಡುಗ, ಚೆನ್ನಾಗಿ ನೋಡಿಕೊಳ್ಳಿ" ಎಂದಷ್ಟೇ ಹೇಳಿ ಕೈ ಮುಗಿದೆ.

ವಾರ ಕಳೆಯುವುದರೊಳಗೆ ಅವರಿಬ್ಬರೂ ಬಸ್ಸು ಹಿಡಿದು ನನ್ನ ಕ್ಲಿನಿಕ್ಕಿಗೆ ಬಂದರು. ಕಾಪುವಿನಿಂದ ಕಾರ್ಕಳಕ್ಕೆ — ದಾರಿಯಲ್ಲಿ ಎಷ್ಟು ಡಾಕ್ಟರರಿದ್ದರು! ನನ್ನ ಮೇಲೆ ಅಷ್ಟು ನಂಬಿಕೆ. ಜಯಕರನ ನಾಲಿಗೆ ಕಚ್ಚಿ ಊದಿತ್ತು. ಮುಖ ಬಿಳಚಿತ್ತು.

"ನಿನ್ನೆ ಊಟಕ್ಕೆ ಕೂತವ ಹಾಗೆಯೇ ಸೆಟೆದು ಬಿದ್ದ ಡಾಕ್ಟ್ರೇ. ಬಾಯಲ್ಲಿ ನೊರೆ. ಕೈಯಲ್ಲಿ ಕಬ್ಬಿಣ ಹಿಡಿಸಿದೆವು. ಈ ಕಾಯಿಲೆ ನಮ್ಮ ಕುಟುಂಬದಲ್ಲೇ ಇಲ್ಲ" ಎಂದರು ಸರೋಜಕ್ಕ. ಮತ್ತೆ ಧ್ವನಿ ತಗ್ಗಿಸಿ, "ಅಲ್ಲಿ ಇವನಿಗೆ ಎಂತಾದರೂ ಗುಳಿಗೆ ಕೊಡುತ್ತಿದ್ದಿರಾ? ಇವ ಹಾಗೆ ಹೇಳುತ್ತಾನೆ."

ಮಣಿಪಾಲದ ಸಭೆ ಆ ವಾರದಲ್ಲೇ ಇತ್ತು.

ಬಾಗಿಲ ಬಳಿ ಬೆಂಚಿನ ಮೇಲೆ ಬೇರೆ ರೋಗಿಗಳು ಕೂತಿದ್ದರು. ಎಲ್ಲರ ಕಿವಿ ಇತ್ತ ಕಡೆಗೇ. ನಾನು ಹೇಳಿದೆ — ಒಂದೊಂದು ಅಕ್ಷರವೂ ನೆನಪಿದೆ: "ಇಲ್ಲ ಸರೋಜಕ್ಕ. ನಾವು ಯಾವ ಗುಳಿಗೆಯೂ ಕೊಟ್ಟಿಲ್ಲ. ಹೊರಗೆ ಬಂದ ಮೇಲೆ ಇವನು ಮತ್ತೆ ಶುರು ಮಾಡಿರಬೇಕು."

ಜಯಕರ ನನ್ನನ್ನೇ ನೋಡಿದ. ಸಿಟ್ಟಲ್ಲ. ಏನೋ ಮರೆತಿದ್ದಾರೆ, ನೆನಪು ಮಾಡಿಕೊಡೋಣ ಎನ್ನುವ ಹಾಗೆ. "ಕೊಟ್ಟದ್ದು ಉಂಟಲ್ವಾ ಡಾಕ್ಟ್ರೇ? ಬಿಳಿಯದ್ದು? ಸಂಜೆ ಚಹದ ಹೊತ್ತಿಗೆ?"

"ಅಮಲಿನ ಹುಡುಗರು ಹೀಗೆಯೇ. ಸುಳ್ಳು ಹೇಳುವುದು ಈ ಕಾಯಿಲೆಯ ಲಕ್ಷಣ" ಎಂದೆ. ಪುಸ್ತಕದ ಮಾತು. ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆದ ಹಾಗೆ ಹೇಳಿದೆ.

ಸರೋಜಕ್ಕ ಅಲ್ಲೇ ಅವನ ಕೆನ್ನೆಗೆ ಹೊಡೆದರು. ಹೊಡೆದು ತಾವೇ ಅತ್ತರು. "ನನ್ನ ತಲೆ ಮುಟ್ಟಿ ಹೇಳಿದ್ದೆಯಲ್ಲ" ಎಂದರು. ನಾನು ಅವನಿಗೆ ಒಂದು ವಿಟಮಿನ್ ಇಂಜೆಕ್ಷನ್ ಚುಚ್ಚಿ ಕಳಿಸಿದೆ. ಗುಳಿಗೆ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾಲ್ಕನ್ನು ಕಾಗದದಲ್ಲಿ ಸುತ್ತಿ, ಬೇರೆ ಏನೋ ಹೆಸರು ಹೇಳಿ ಕೊಟ್ಟಿದ್ದರೂ ಅವನು ಬದುಕುತ್ತಿದ್ದ. ಸುಳ್ಳು ಹೇಳುವುದೇ ಆಗಿದ್ದರೆ ಆ ಸುಳ್ಳನ್ನಾದರೂ ಹೇಳಬಹುದಿತ್ತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ನನ್ನ ಮೇಲೆ — ಬೇಡ. ನನ್ನ ಮೇಲಿನ ನನ್ನ ಸಿಟ್ಟಿನಿಂದ ಯಾರಿಗೂ ಉಪಕಾರವಿಲ್ಲ.

ಮಣಿಪಾಲದಲ್ಲಿ ಚೆನ್ನಾಗಿ ಮಾತನಾಡಿದೆ. ಚಪ್ಪಾಳೆ ಬಂತು.

ಮರಳಿ ಬಂದ ಮೇಲೆ ಸೂಪರಿಂಟೆಂಡೆಂಟರು ಸುದ್ದಿ ಹೇಳಿದರು: "ನಿಮ್ಮ ಕಾಪುವಿನ ಹುಡುಗ ಸಮುದ್ರಕ್ಕೆ ಬಿದ್ದು ಸತ್ತನಂತೆ. ದೋಣಿಯವರು ಹೇಳಿದರು, ಬಲೆ ಎಳೆಯುತ್ತಿದ್ದವ ಕಟ್ಟಿಗೆಯ ಹಾಗೆ ಸೆಟೆದು ಬಿದ್ದನಂತೆ. ಅಮಲು ಹೆಚ್ಚಾಗಿತ್ತು ಕಾಣುತ್ತದೆ. ಅಲ್ವಾ?"

ಕಟ್ಟಿಗೆಯ ಹಾಗೆ ಸೆಟೆದು ಬಿದ್ದ. ಅಮಲಿನವನು ಹಾಗೆ ಬೀಳುವುದಿಲ್ಲ. ಅದು ಫಿಟ್ಸ್ — ಆ ಕ್ಷಣವೇ ನನಗೆ ತಿಳಿಯಿತು. ಜಯಕರ ಅಕ್ಕನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ಹೊರಗೆ ಬಂದ ಮೇಲೆ ಏನನ್ನೂ ಮುಟ್ಟದೆ, ನಾನು ಹಿಡಿಸಿದ ಚಟವನ್ನೂ ಏಕಾಏಕಿ ಬಿಟ್ಟು, ದುಡಿಯಲು ದೋಣಿ ಹತ್ತಿದ್ದ.

"ಹೌದು" ಎಂದೆ ನಾನು. "ಇರಬೇಕು."

ಆಮೇಲೆ ಮಂದಿರದ ಉಳಿದ ಹುಡುಗರಿಗೆ ಗುಳಿಗೆಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿದೆ. ಮತ್ತೆ ಕೂಗಾಟ, ಮತ್ತೆ ಬಿಸಿನೀರು, ಮತ್ತೆ ಗಂಜಿತಿಳಿ. ಇದನ್ನು ಪ್ರಾಯಶ್ಚಿತ್ತವೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಗೊತ್ತಾಗದಂತೆ ಮಾಡಿದ್ದು ಪ್ರಾಯಶ್ಚಿತ್ತವಾಗುತ್ತದೆಯೇ? ಅದೂ ಮುಚ್ಚುಮರೆಯ ಇನ್ನೊಂದು ಭಾಗ.

ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸರೋಜಕ್ಕ ಸಿಕ್ಕಿದರು. ಅವರೇ ಗುರುತು ಹಿಡಿದು, ಮೀನಿನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದರು. "ನೀವು ಮಾಡುವಷ್ಟು ಮಾಡಿದಿರಿ ಡಾಕ್ಟ್ರೇ. ಅವನ ಬುದ್ಧಿಯೇ ಸರಿ ಇರಲಿಲ್ಲ. ಈಗ ಮನೆಯಲ್ಲಿ ಅವನ ಹೆಸರು ಎತ್ತುವುದಿಲ್ಲ ನಾವು" ಎಂದರು. ಹೇಳು, ಈಗಲೇ ಹೇಳು… ಅಷ್ಟರಲ್ಲಿ ನನ್ನ ಬಸ್ಸು ಬಂತು. ಅದು ತಪ್ಪಿದ್ದರೆ ಇನ್ನೊಂದು ಬಸ್ಸು ಇತ್ತು. ನಾನು ಹತ್ತಿದೆ.

ಈಗ ಕ್ಲಿನಿಕ್ ಮುಚ್ಚಿದ್ದೇನೆ. ಮರ್ಯಾದೆ ಹೋಗುತ್ತದೆ ಎಂದು ಹೆದರುವುದಕ್ಕೂ ಕಾರಣ ಉಳಿದಿಲ್ಲ. ಅದಕ್ಕೇ ಧೈರ್ಯ ಬಂತೇ? ಹಾಗಿದ್ದರೆ ಅದು ಧೈರ್ಯವೂ ಅಲ್ಲ. ಕಳೆದ ತಿಂಗಳು ಕಾಪುವಿಗೆ ಹೋದೆ. ಸರೋಜಕ್ಕನ ಮನೆ ಕೇಳಿ ಕೇಳಿ ಹುಡುಕಿದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ಕೂರಿಸಿದರು, ಬೆಲ್ಲ ನೀರು ಕೊಟ್ಟರು. ನಾನು ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದೆ.

ಅವರು ಲೋಟವನ್ನು ನನ್ನ ಮುಂದಿನಿಂದ ಎತ್ತಿಟ್ಟರು. ಆಮೇಲೆ ಕೇಳಿದರು: "ಹಾಗಾದರೆ ಅವ ಹೊರಗೆ ಬಂದ ಮೇಲೆ ಎಂತದೂ ಮುಟ್ಟಿರಲಿಲ್ಲ?"

"ಇಲ್ಲ ಸರೋಜಕ್ಕ."

"ನಾನು ಅವನ ಹತ್ತಿರ ಮತ್ತೆ ಮಾತನಾಡಲೇ ಇಲ್ಲ ಡಾಕ್ಟ್ರೇ. ಸಮುದ್ರಕ್ಕೆ ಹೋಗುವ ದಿನ 'ಅಕ್ಕ, ಬರುತ್ತೇನೆ' ಅಂದ. ನಾನು ಮುಖ ತಿರುಗಿಸಿದೆ."

ಇದು ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದೇ ಬಂದಿದ್ದೆ. ಅದನ್ನು ಕೇಳಲು ನಾನು ಯಾರು?

ಅವರು ಎದ್ದು ನಿಂತರು. "ನನ್ನ ಹತ್ತಿರ ಹೇಳಿ ಹಗುರ ಮಾಡಿಕೊಂಡು ಹೋಗಬೇಡಿ. ಅಮಲಿನಲ್ಲಿ ಬಿದ್ದು ಸತ್ತ ಅಂತ ಊರಿಗೆಲ್ಲ ಹೇಳಿದ್ದು ದೋಣಿಯ ಯಜಮಾನರು. ಅವರು ಇನ್ನೂ ಇದ್ದಾರೆ. ಅಲ್ಲಿ ಹೋಗಿ ಹೇಳಿ. ಮಣಿಪಾಲದಲ್ಲಿಯೂ ಹೇಳಿ. ಎಲ್ಲಿ ಉಂಟೋ ಅಲ್ಲೆಲ್ಲ ಹೇಳಿ. ಇಲ್ಲಿಗೆ ಮತ್ತೆ ಬರಬೇಡಿ."

ಯಜಮಾನರ ಮನೆ ಅದೇ ಓಣಿಯ ತುದಿಯಲ್ಲಿತ್ತು. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ತೊಂಬತ್ತರ ಹತ್ತಿರದ ಮುದುಕರು. ನಾನು ಯಾರೆಂದು ಹೇಳಿ, "ಆ ದಿನ ಜಯಕರ ಅಮಲಿನಲ್ಲಿರಲಿಲ್ಲ" ಎಂದೆ.

"ಎಂತ?" ಎಂದು ಕಿವಿಗೆ ಕೈ ಹಿಡಿದರು.

ಇನ್ನೂ ಜೋರಾಗಿ ಹೇಳಿದೆ. ಕೇಳಿಸಲಿಲ್ಲ. ಕೊನೆಗೆ ಕೂಗಿಯೇ ಹೇಳಬೇಕಾಯಿತು. ಅಕ್ಕಪಕ್ಕದ ಮನೆಯವರು ಅಂಗಳಕ್ಕೆ ಬಂದು ನಿಂತರು. ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕೊಡಪಾನ ಕೆಳಗಿಟ್ಟು ನೋಡಿದರು. ಮುದುಕರು ನನ್ನ ಮುಖವನ್ನು ದಿಟ್ಟಿಸಿ, ನಿಜವಾಗಿಯೂ ತಿಳಿಯದವರಂತೆ ಕೇಳಿದರು:

"ಯಾವ ಜಯಕರ?"

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದೆ. ಜೋರಾಗಿ.