ಚೊಗರಿನ ಮೇಲಿನ ಅಲೆ

ಸುಳ್ಳು ಹೇಳಿದವನು ನಾನು, ರೇಣುಕಾ. ನೀನು ಅವತ್ತು ತೋರಿಸಹೊರಟಿದ್ದು ನಿಜವಾಗಿತ್ತು — ನಿಜವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೆದುರಿಗೆ ತಪ್ಪು ಎಂದೆ. ಥೂ, ಇದನ್ನು ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊನ್ನಾಳಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳುತ್ತಿದ್ದೆ, ನೀನು ಎರಡನೇ ವರ್ಷದ ಪಿಯುಸಿ. ಒಂದು ದಿನ ಪಾಠ ಬದಿಗಿಟ್ಟು, ಎಲ್ಲೋ ಓದಿದ್ದನ್ನು ಹುರುಪಿನಿಂದ ಹೇಳಿದ್ದೆ. ಭೂಮಿಯ ಕಾಂತಕ್ಷೇತ್ರಕ್ಕೆ ಒಂದು ಅಂಚಿದೆ. ಅದರ ಹೊರಗೆ ಸೂರ್ಯನಿಂದ ಬರುವ ವಿದ್ಯುತ್ ಕಣಗಳ ಗಾಳಿ — ಪ್ಲಾಸ್ಮಾ — ಬೀಸುತ್ತದೆ. ಅದು ಉಜ್ಜಿಕೊಂಡು ಹೋಗುವಾಗ ಆ ಅಂಚಿನಲ್ಲಿ ಅಲೆ ಏಳುತ್ತದೆ, ನಮ್ಮ ಹೊಳೆಯ ಮೇಲೆ ಗಾಳಿ ಬಿಟ್ಟಾಗ ಏಳುವ ಹಾಗೆ. ಇಡೀ ತರಗತಿ ಆಕಳಿಸಿತು. ನೀನೊಬ್ಬಳು ಎದ್ದು ಕೇಳಿದೆ: "ಅದನ್ನ ನೋಡಾಕೆ ಆಗ್ತೈತೇನ್ರಿ ಸಾರ್?"

ನೋಡುವ ಹಾಗೆ ನೀನೇ ಮಾಡಿದೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ಮಾರುದ್ದದ ಗಾಜಿನ ಪೆಟ್ಟಿಗೆ. ಅದರ ತಳದಲ್ಲಿ ಉಪ್ಪು ಕದಡಿದ ಚೊಗರು — ನಿಮ್ಮವ್ವ ಕೂಲಿಗೆ ಹೋಗುತ್ತಿದ್ದ ಕಡೆಯಿಂದ ತಂದ, ಅಡಿಕೆ ಬೇಯಿಸಿದ ಕೆಂಪು ನೀರು. ಅದರ ಮೇಲೆ ನಿಮ್ಮ ಕೇರಿಯ ಬಾವಿಯ ತಿಳಿನೀರು. ಪೆಟ್ಟಿಗೆಯನ್ನು ಓರೆ ಮಾಡಿದರೆ ಕೆಂಪು ಕೆಳಕ್ಕೆ, ತಿಳಿ ಮೇಲಕ್ಕೆ ಜಾರಿ, ನಡುವಿನ ಗೆರೆ — ನಿನ್ನ ಲೆಕ್ಕದಲ್ಲಿ ಅದೇ ಆ ಅಂಚು — ಸುರುಳಿ ಸುರುಳಿಯಾಗಿ ಏಳಬೇಕು. ಗೆದ್ದರೆ ಮುಂದಕ್ಕೆ ಓದಿಸುತ್ತೇನೆ, ಇಲ್ಲದಿದ್ದರೆ ಮದುವೆ ಎಂದು ನಿಮ್ಮಪ್ಪ ಹೇಳಿಬಿಟ್ಟಿದ್ದರು. ಅದೂ ನನಗೆ ಗೊತ್ತಿತ್ತು. ನೀನೇ ಹೇಳಿದ್ದೆ.

ತೀರ್ಪುಗಾರರು ನಾನು ಮತ್ತು ಆಡಳಿತ ಮಂಡಳಿಯ ಇಬ್ಬರು ಹಿರಿಯರು. ಓರೆ ಮಾಡುವಾಗ ಎರಡೂ ತುದಿಗೆ ಕೈ ಕೊಡದಿದ್ದರೆ ಪೆಟ್ಟಿಗೆಯ ಅಂಟು ಬಿಡುತ್ತಿತ್ತು. ನೀನು ಒಂದು ತುದಿ ಹಿಡಿದು, "ಸಾರ್, ಆ ಕಡೆ ಸ್ವಲ್ಪ ಹಿಡ್ಕಳ್ರಿ" ಎಂದೆ.

ಹಿರಿಯರಿಬ್ಬರೂ ಹಿಂದಕ್ಕೆ ಸರಿದು ನನ್ನ ಕೈಯನ್ನೇ ನೋಡಿದರು. ಗಾಜಿನ ಹೊರಮೈ ಒದ್ದೆಯಾಗಿತ್ತು. ನಿಮ್ಮ ಕೇರಿಯ ನೀರು... ನನಗೆ ಹೇಸಿಗೆಯಾಯಿತು. ಹೌದು, ಹೇಸಿಗೆಯೇ. ಅವರಿಗೆ ಹೆದರಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನಿಮ್ಮವ್ವನಂಥವರು ಬೇಯಿಸಿದ ಅಡಿಕೆಯನ್ನೇ ದವಡೆಯಲ್ಲಿಟ್ಟುಕೊಂಡು ಹೇಸಿದೆನಲ್ಲ, ನನ್ನ ಜನ್ಮಕ್ಕಿಷ್ಟು!

ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ — ನಾನು ಓದಿದವನಲ್ಲವೇ, ವೇದಿಕೆ ಸಿಕ್ಕರೆ ಸಮಾನತೆಯ ಭಾಷಣ ಬಿಗಿಯುವವನು. ಮುಟ್ಟದೆ ಪಾರಾಗಲು ಒಂದೇ ದಾರಿ ಕಂಡಿತು.

"ಹಿಡಿಯೋದ್ಯಾಕೆ? ಪ್ರಯೋಗನೇ ತಪ್ಪೈತೆ. ಅಲ್ಲಿ ಮ್ಯಾಲೆ ಆಕಾಶದಾಗೆ ನೀರೈತೇನಮ್ಮ, ಅಲೆ ಏಳಾಕೆ?"

ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ನಗಲಿಲ್ಲ.

"ನೀವೇ ಹೇಳಿದ್ರಲ್ರೀ ಸಾರ್..."

"ನಾನ್ಯಾವಾಗ ಹೇಳ್ದೆ?"

ನೀನು ಪೆಟ್ಟಿಗೆಯ ತುದಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಬಾಗಿಲಲ್ಲಿ ನಿಂತಿದ್ದ ನಿಮ್ಮಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಹುಮಾನ ಕರೆಗಂಟೆ ಮಾಡಿ ತಂದವನಿಗೆ ಹೋಯಿತು. ಆ ಬೇಸಿಗೆಯಲ್ಲೇ ನಿನ್ನನ್ನು ಜಗಳೂರಿಗೆ ಕೊಟ್ಟರು.

ನಾನು ಮಾತ್ರ ವರ್ಷ ವರ್ಷವೂ ಅದೇ ಪಾಠ ಮಾಡಿದೆ. ಬಣ್ಣದ ಸೀಮೆಸುಣ್ಣದಲ್ಲಿ ಆ ಅಂಚನ್ನು ಬರೆದು, ಅದರ ಮೇಲೆ ಅಲೆ ಬರೆದು, ಚೆನ್ನಾಗಿ ಹೇಳುತ್ತೀರಿ ಎಂದವರ ಮುಂದೆ ಹಲ್ಲು ಕಿರಿದೆ. ಎಂಥ ನಾಚಿಕೆಗೆಟ್ಟ ಬಾಳು!

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಕಂಕುಳಲ್ಲಿ ಮಗು. ಸ್ವಲ್ಪ ದೂರದಲ್ಲೇ ನಿಂತು ಹೇಳಿದೆ:

"ಸಾರ್, ಅವತ್ತು ನಾನೇ ತಪ್ಪು ತಿಳ್ಕಂಡಿದ್ದೆ. ನೀವೇ ಹೇಳಿದ್ರಿ ಅಂತ ಎಲ್ಲಾರ ಮುಂದೆ ನಿಮ್ಮನ್ನ ಎಳೆದುಬಿಟ್ಟೆ. ಬ್ಯಾಸರ ಮಾಡ್ಕಬ್ಯಾಡ್ರಿ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ನಾನು ಹೇಳಿದ್ದೇನು? "ಹೋಗ್ಲಿ ಬಿಡಮ್ಮ." ದೊಡ್ಡ ಮನಸ್ಸು ಮಾಡಿದವನ ಹಾಗೆ — ನಾನು, ನಿನ್ನನ್ನು, ಕ್ಷಮಿಸಿದೆ!

ಜಗಳೂರಿಗೆ ಬರುತ್ತಿದ್ದೇನೆ, ರೇಣುಕಾ. ಕ್ಷಮೆ ಕೇಳುವುದಕ್ಕಲ್ಲ, ಆ ಮಾತನ್ನು ನಾನು ಆ ಬಸ್ ನಿಲ್ದಾಣದಲ್ಲೇ ಮೈಲಿಗೆ ಮಾಡಿದ್ದೇನೆ. ನಿನ್ನ ಮಕ್ಕಳ ಮುಂದೆ ನಿಂತು ಹೇಳಬೇಕು — ನಿಮ್ಮವ್ವ ಹೇಳಿದ್ದು ನಿಜ. ಅಲ್ಲಿ ಅಲೆ ಏಳುತ್ತದೆ.