ಚೆಂಡು ಉರುಳುವ ಅಡುಗೆಮನೆ

ನಮ್ಮಪ್ಪನಿಗೆ ಊರವರು ಇಟ್ಟ ಹೆಸರು ಪಾತಾಳ. ಊರಿನ ಬಾವಿಗಳನ್ನೆಲ್ಲ ತೋಡಿದವನು ಅವನೇ. ಊಟಕ್ಕೆ ಕರೆದರೆ ನೆಲದಡಿಯಿಂದ ಓಗೊಡುತ್ತಾನೆ ಎಂದು ಅಮ್ಮ ರೇಗಿಸುತ್ತಿದ್ದಳು.

ಪಟ್ಟಣ ಹೊಲಗಳನ್ನು ನುಂಗುತ್ತಾ ಬಂದಾಗ ಅಪ್ಪನ ಕೆಲಸ ತಲೆಕೆಳಗಾಯಿತು. ಬಾವಿ ಇರುವ ಸೈಟು ಯಾರಿಗೂ ಬೇಡ. ತೋಡಿದ ಕೈಯಿಂದಲೇ ಮುಚ್ಚಿಸಿದರು. ಮುಚ್ಚಲು ಮಣ್ಣೆಲ್ಲಿ? ಹೊಲದ ಮಣ್ಣನ್ನು ಆಗಲೇ ಲಾರಿಗಳು ಹೊತ್ತೊಯ್ದಿದ್ದವು. ದನಗಳನ್ನು ಮಾರಿದ್ದರಿಂದ ಹುಲ್ಲಿನ ಬಣವೆಗಳು ಮಾತ್ರ ಹಾಗೇ ಬಿದ್ದಿದ್ದವು. ಬೇಗ ಮುಗಿಸು ಎಂದು ಎಲ್ಲರೂ ತಲೆ ತಿಂದರು. ಅಪ್ಪ ಬಾವಿಗಳಿಗೆ ಹುಲ್ಲು ತುಂಬಿ, ತುಳಿದು, ಅಲ್ಲಿ ಇಲ್ಲಿ ಉಳಿದ ಮಣ್ಣು ಕೆರೆದು ತಂದು ಮೇಲೆ ಒಂದಾಳುದ್ದ ಹಾಕಿದ. ಊರಿಗೆ ಊರೇ ನೋಡಿತು, ಒಬ್ಬರೂ ತುಟಿ ಬಿಚ್ಚಲಿಲ್ಲ.

ಆಮೇಲೆ ರಸ್ತೆ, ಗೇಟು, ಮೂರಂತಸ್ತಿನ ಮನೆಗಳು. ಯಾರ ಹೊಲ ಎಲ್ಲಿತ್ತೆಂದು ನಮಗೇ ಗುರುತು ಸಿಗದಂತಾಯಿತು. ಅಂಥದ್ದೊಂದು ಮನೆಯ ಕೆಳಭಾಗವನ್ನು ನಾನೂ ನನ್ನ ಗಂಡನೂ ಬಾಡಿಗೆಗೆ ಹಿಡಿದೆವು. ಮೊದಲ ಸಲ ಬಂದ ಅಪ್ಪ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತುಬಿಟ್ಟ. ಅದರ ಅಂಚಿನಲ್ಲಿ ಬಾವಿಹಗ್ಗ ಸವೆಸಿದ ಗೆರೆಗಳಿದ್ದವು. ಗೆರೆಯೊಳಗೆ ಬೆರಳಿಟ್ಟ, ಅಡುಗೆಮನೆಯ ಕಡೆ ತಿರುಗಿದ. ಊಟವೂ ಬೇಡವೆಂದು ಹೊರಟುಹೋದ.

ಅಲ್ಲಿಂದ ಶುರುವಾಯಿತು. ದಿನಾ ಬರುವುದು, ಅಡುಗೆಮನೆಯ ನೆಲವನ್ನು ಕೋಲಿನಿಂದ ಕುಟ್ಟುವುದು, ಕಿವಿಗೊಡುವುದು. ನನಗೆ ಮೈಯೆಲ್ಲ ಉರಿಯಿತು.

“ಏನಪ್ಪಾ ಇದು? ಅಕ್ಕಪಕ್ಕದವರು ನಗ್ತಾರೆ.”

“ಗೆದ್ದಲು ಇದೆಯಾ ಅಂತ ನೋಡ್ತಿದೀನಿ ಕಣಮ್ಮ.”

ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಂದು ದಿನ ನನ್ನ ಮಗಳು ಬಾಗಿಲ ಬಳಿ ಬಿಟ್ಟ ಚೆಂಡು ತಾನಾಗಿ ಉರುಳಿ ಒಲೆಯ ಕಟ್ಟೆಯ ಕೆಳಗೆ ನಿಂತಿತು. ಇನ್ನೊಂದು ಮೂಲೆಯಿಂದ ಬಿಟ್ಟಳು. ಮತ್ತೆ ಅಲ್ಲಿಗೇ ಹೋಯಿತು. ಮಗಳು ಚಪ್ಪಾಳೆ ತಟ್ಟಿದಳು, ಅಪ್ಪ ಕೈಲಿದ್ದ ಕೋಲು ಬಿಸಾಡಿದ.

“ಹುಲ್ಲು ಕೊಳೆತು ಕುಸೀತಿದೆ. ಮಗೂನ ಎತ್ಕೊಂಡು ಹೊರಗೆ ನಡಿ. ಇಲ್ಲಿದ್ದ ಬಾವಿ ಮುಚ್ಚಿದ್ದು ನಾನೇ.”

ಅವತ್ತೇ ಗಂಟುಮೂಟೆ ಕಟ್ಟಿದೆವು. ಅಪ್ಪನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ, ಅಷ್ಟು ಕನಿಕರವೂ. ಮಾಲೀಕ “ಮುದುಕನಿಗೆ ಅರಳುಮರಳು” ಎಂದು ನಕ್ಕು, ಬಿರುಕಿಗೆ ಸಿಮೆಂಟು ಬಳಿಸಿ, ಮನೆ ಬಾಡಿಗೆಗಿದೆ ಎಂಬ ಬೋರ್ಡು ನೇತುಹಾಕಿದ. ಮಹಡಿಯವರೂ ನಂಬಲಿಲ್ಲ. ಅಪ್ಪ ಹಳೇ ಊರವರನ್ನು ಸಾಕ್ಷಿ ಹೇಳಿ ಎಂದು ಕರೆದ. ಅವರವರು ಮಾರಿದ ಸೈಟು ಅವರವರಿಗೆ ನೆನಪಾಯಿತು, ಒಬ್ಬರೂ ಬರಲಿಲ್ಲ.

ಹೊಸ ಸಂಸಾರ ಬಂದು ಸಾಮಾನಿಳಿಸಿತು. ಅಪ್ಪ ಗೇಟಿನ ಬಳಿ ಕೈಮುಗಿದು ಬೇಡಿಕೊಂಡ, ಗದರಿಸಿ ಕಳಿಸಿದರು. ಮಾರನೆಯ ದಿನ ಮಗಳ ಚೆಂಡು ಕಾಣಲಿಲ್ಲ. ಅನುಮಾನ ಬಂದು ಓಡಿದೆ. ಅಪ್ಪ ಅದೇ ಗೇಟಿನ ಹೊರಗಿದ್ದ, ಚೆಂಡು ಆ ಮನೆಯ ಮಗುವಿನ ಕೈಯಲ್ಲಿತ್ತು.

“ಅಡುಗೆಮನೆ ಬಾಗಿಲಲ್ಲೇ ನಿಂತು ಉರುಳಿಸು ಪುಟ್ಟಾ, ಒಳಗೆ ಹೋಗಬೇಡ. ನಿಮ್ಮಮ್ಮ ನೋಡ್ಲಿ.”

ಮಗು ಒಳಗೆ ಓಡಿತು. ನಾವಿಬ್ಬರೂ ಗೇಟು ಹಿಡಿದು ಕಿವಿಗೊಟ್ಟೆವು. ಒಳಗಿಂದ ತಾಯಿ ನಕ್ಕಿದ್ದು ಕೇಳಿಸಿತು.

“ಅಯ್ಯೋ, ತಾನಾಗೇ ಹೋಗುತ್ತಲ್ಲೋ! ಓಡು, ಓಡು, ಹಿಡ್ಕೊ!”